ಚಂದ್ರನಲ್ಲಿ 120 ಡಿಗ್ರಿ ಎಂದರೆ ಯಾವುದರ 120?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲುಪಾಲು ಚಂದ್ರನ ಬಿಸಿಲು ಮತ್ತು ಚಳಿಯ ಬಗ್ಗೆಯೇ ಇವೆ. ಒಂದೇ ಅರ್ಥದವನ್ನು ಸೇರಿಸಿ ಒಂದಾಗಿ ಮಾಡಿಕೊಂಡಿದ್ದೇವೆ.

ಪ್ರಶ್ನೆ: ಚಂದ್ರನಲ್ಲಿ ಹಗಲು 120 ಡಿಗ್ರಿ, ರಾತ್ರಿ ಮೈನಸ್ 178 ಡಿಗ್ರಿ ಎಂದು ಎಲ್ಲ ಕಡೆ ಓದುತ್ತೇವೆ. ಗಾಳಿಯೇ ಇಲ್ಲದ ಕಡೆ ಈ ಡಿಗ್ರಿ ಯಾವುದರದು?

ಉತ್ತರ: ನೆಲದ್ದು. ಅದರಲ್ಲೂ ನೆಲದ ತೀರಾ ಮೇಲಿನ ಪದರದ್ದು, ಅದೂ ಸಮಭಾಜಕದ ಆಸುಪಾಸಿನದ್ದು. ಭೂಮಿಯ ಹವಾಮಾನ ವರದಿಯಲ್ಲಿ 38 ಡಿಗ್ರಿ ಎಂದರೆ ನೆರಳಿನ ಪೆಟ್ಟಿಗೆಯೊಳಗಿನ ಗಾಳಿಯ ಉಷ್ಣತೆ. ಅದೇ ಹೊತ್ತಿನಲ್ಲಿ ಬಿಸಿಲಿಗೆ ಬಿದ್ದ ಡಾಂಬರು ರಸ್ತೆ 60 ಡಿಗ್ರಿ ಮುಟ್ಟಿರಬಹುದು, ವರದಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಂದ್ರನಲ್ಲಿ ಗಾಳಿಯ ಲೆಕ್ಕವೇ ಇಲ್ಲ, ಇರುವುದು ರಸ್ತೆಯ ಲೆಕ್ಕ ಮಾತ್ರ. ಅಲ್ಲಿ ಒಂದು ಥರ್ಮಾಮೀಟರನ್ನು ಕಂಬಕ್ಕೆ ನೇತುಹಾಕಿದರೆ ಅದು ತನ್ನ ಮೈಯ ಉಷ್ಣತೆಯನ್ನೇ ತೋರಿಸುತ್ತದೆ. ಅದಕ್ಕೆ ಕಪ್ಪು ಬಣ್ಣ ಬಳಿದರೆ ಒಂದು ಅಂಕಿ, ಬಿಳಿ ಬಣ್ಣ ಬಳಿದರೆ ಇನ್ನೊಂದು. ಹಾಗಾಗಿ ಚಂದ್ರನ ಬಗ್ಗೆ ಯಾರಾದರೂ ಇಷ್ಟು ಡಿಗ್ರಿ ಎಂದಾಗ, ಯಾವುದರ ಡಿಗ್ರಿ, ಎಷ್ಟು ಆಳದಲ್ಲಿ, ಚಂದ್ರನ ದಿನದ ಯಾವ ಹೊತ್ತಿನಲ್ಲಿ ಎಂದು ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿಯ ಬೇರೆ ಉತ್ತರಗಳಿಗೂ ಇದೇ ಕೀಲಿಕೈ.

ನೆಲದ ಈ ಅಂಕಿಗಳನ್ನು 2009ರಿಂದ ಚಂದ್ರನನ್ನು ಸುತ್ತುತ್ತಿರುವ ನಾಸಾದ ಎಲ್‌ಆರ್‌ಓ ನೌಕೆಯ ಡಿವೈನರ್ ಉಪಕರಣ ಅಳೆಯುತ್ತಿದೆ. ನೆಲವನ್ನು ಮುಟ್ಟದೆ, ಅದು ಹೊರಸೂಸುವ ಅವಕೆಂಪು ಕಿರಣಗಳನ್ನು ಅಳೆದು ಉಷ್ಣತೆ ತಿಳಿಯುವ ಉಪಕರಣ ಅದು. ಜ್ವರ ನೋಡಲು ಹಣೆಗೆ ಹಿಡಿಯುವ ಬಂದೂಕಿನಾಕಾರದ ಥರ್ಮಾಮೀಟರಿನ ತತ್ವವೇ.

ಪ್ರಶ್ನೆ: ಭೂಮಿ, ಚಂದ್ರ ಎರಡೂ ಸೂರ್ಯನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಹಾಗಿದ್ದೂ ಇಷ್ಟು ವ್ಯತ್ಯಾಸ ಏಕೆ? ವಾತಾವರಣ ಇಲ್ಲದ್ದು ಕಾರಣವೋ, ಹದಿನೈದು ದಿನದ ಹಗಲು ಕಾರಣವೋ?

ಉತ್ತರ: ಎರಡೂ ಹೌದು. ಆದರೆ ಈ ಎರಡರ ನಡುವೆ ಸಿಕ್ಕಿ ಮರೆತುಹೋಗುವ ಮೂರನೆಯ ಕಾರಣವೊಂದಿದೆ: ಧೂಳು. ನಮ್ಮ ಮಟ್ಟಿಗೆ ಮುಖ್ಯ ಪಾತ್ರಧಾರಿ ಅದೇ.

ಮೊದಲು ಹಗಲಿನ ಲೆಕ್ಕ. ಸೂರ್ಯ ನೆತ್ತಿಯ ಮೇಲಿದ್ದಾಗ ಒಂದು ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಬೀಳುತ್ತದೆ. ಹುಣ್ಣಿಮೆಯಲ್ಲಿ ಬೆಳ್ಳಗೆ ಕಂಡರೂ ಚಂದ್ರನ ನೆಲ ನಿಜಕ್ಕೂ ಮಸಿಬಣ್ಣದ್ದು. ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ಮರಳಿಸಿ ಉಳಿದದ್ದನ್ನು ನುಂಗುತ್ತದೆ. ನುಂಗಿದ ಶಾಖವನ್ನು ಹೊತ್ತೊಯ್ಯಲು ಗಾಳಿಯಿಲ್ಲ, ಆವಿಯಾಗಿ ತಂಪು ಮಾಡಲು ನೀರಿಲ್ಲ. ಹೊರಹೋಗಲು ವಿಕಿರಣವೊಂದೇ ದಾರಿ. ನುಂಗಿದ್ದಷ್ಟನ್ನೂ ಹೊರಸೂಸುವ ಮಟ್ಟಕ್ಕೆ ಬರುವವರೆಗೆ ನೆಲ ಕಾಯುತ್ತಲೇ ಹೋಗುತ್ತದೆ. ಆ ಮಟ್ಟವೇ 390 ಕೆಲ್ವಿನ್‌ನ ಆಸುಪಾಸು, ಅಂದರೆ 115ರಿಂದ 120 ಡಿಗ್ರಿ ಸೆಲ್ಸಿಯಸ್. ಹಗಲು ಇನ್ನೂ ಒಂದು ತಿಂಗಳು ಉದ್ದವಾದರೂ ಇದಕ್ಕಿಂತ ಮೇಲೇರುವುದಿಲ್ಲ. ಆದ್ದರಿಂದ ಹಗಲಿನ ಕಾವಿಗೆ ಹಗಲಿನ ಉದ್ದ ಕಾರಣವಲ್ಲ.

ರಾತ್ರಿಯದು ಬೇರೆ ಕತೆ. ಸೂರ್ಯ ಮುಳುಗಿದ ಮೇಲೆ ನೆಲಕ್ಕೆ ಇರುವುದು ಹಗಲಲ್ಲಿ ಕೂಡಿಟ್ಟ ಶಾಖ ಮಾತ್ರ. ಬಂಡೆಯಾಗಿದ್ದರೆ ಒಳಗಿನಿಂದ ಶಾಖ ಧಾರಾಳವಾಗಿ ಮೇಲೆ ಬರುತ್ತಿತ್ತು. ಆದರೆ ಅಲ್ಲಿರುವುದು ಕೋಟ್ಯಂತರ ವರ್ಷಗಳ ಉಲ್ಕೆಗಳ ಪೆಟ್ಟಿಗೆ ಪುಡಿಪುಡಿಯಾದ ನುಣುಪು ಧೂಳು, ವಿಜ್ಞಾನಿಗಳು ರೆಗೊಲಿತ್ ಎನ್ನುವುದು. ಅದರ ಕಣಗಳು ಒಂದಕ್ಕೊಂದು ಸೂಜಿಮೊನೆಯಷ್ಟು ಜಾಗದಲ್ಲಿ ತಾಗುತ್ತವೆ, ನಡುವೆ ಬರೀ ನಿರ್ವಾತ. ಹೀಗಾಗಿ ಮೇಲಿನ ಪದರದ ಉಷ್ಣವಾಹಕತೆ ಮೀಟರಿಗೆ, ಕೆಲ್ವಿನ್‌ಗೆ 0.001 ವ್ಯಾಟ್‌ನಷ್ಟು ಕಡಿಮೆ. ಗಟ್ಟಿ ಬಂಡೆಯದು ಅದರ ಸಾವಿರ ಪಟ್ಟಿಗೂ ಹೆಚ್ಚು. ಇದೇ ಧೂಳನ್ನು ಭೂಮಿಗೆ ತಂದು ಗಾಳಿಯಲ್ಲಿಟ್ಟರೆ ಸಂದುಗಳಲ್ಲಿ ಗಾಳಿ ಹೊಕ್ಕು ವಾಹಕತೆ ಬಹುವಾಗಿ ಏರುತ್ತದೆ. ಅಂದರೆ ವಾತಾವರಣ ಇಲ್ಲದ್ದರ ಪರಿಣಾಮ ಆಕಾಶದಲ್ಲಿ ಮಾತ್ರವಲ್ಲ, ಧೂಳಿನ ಸಂದುಸಂದಿನಲ್ಲೂ ಇದೆ. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಹಾಗೆ: ಒಳಗೆ ಇದ್ದ ಶಾಖ ಒಳಗೇ ಉಳಿಯುತ್ತದೆ, ಮೇಲಿನ ಬೂದಿ ಬೇಗ ತಣ್ಣಗಾಗುತ್ತದೆ.

ಮಧ್ಯಾಹ್ನ ಚದರ ಮೀಟರಿಗೆ ಸುಮಾರು 1,250 ವ್ಯಾಟ್ ಹೊರಸೂಸುತ್ತಿದ್ದ ನೆಲ, ಬೆಳಗಿನ ಜಾವ 95 ಕೆಲ್ವಿನ್‌ಗೆ (ಅದೇ ಮೈನಸ್ 178 ಡಿಗ್ರಿ) ಇಳಿದಾಗ ಸೂಸುವುದು ನಾಲ್ಕೂವರೆ ವ್ಯಾಟ್‌ಗಿಂತಲೂ ತುಸು ಕಡಿಮೆ. ವಿಕಿರಣ ಕೆಲ್ವಿನ್ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಗುಣವಾಗಿರುವುದರಿಂದ ಇಷ್ಟು ಅಂತರ. ಸಂಜೆಯ ಇಳಿತ ದಡದಡನೆ, ಆಮೇಲೆ ಎರಡು ವಾರದಲ್ಲಿ ಆಮೆನಡಿಗೆ ಏಕೆ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ತಣ್ಣಗಾದಷ್ಟೂ ತಣ್ಣಗಾಗುವ ವೇಗವೇ ಕುಸಿಯುತ್ತದೆ. ಚಂದ್ರನ ಒಡಲಿನಿಂದ ಬರುವ ಶಾಖ ಚದರ ಮೀಟರಿಗೆ 0.02 ವ್ಯಾಟ್‌ನ ಸುತ್ತಮುತ್ತ. ಈ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡಬಹುದು.

ಪ್ರಶ್ನೆ: ಮನುಷ್ಯ ಹೋಗುವ ಮೊದಲೇ ಧೂಳಿದೆ ಎಂದು ಹೇಗೆ ತಿಳಿದರು?

ಉತ್ತರ: ಗ್ರಹಣದಿಂದ. 1927ರ ಜೂನ್ ತಿಂಗಳ ಚಂದ್ರಗ್ರಹಣದಲ್ಲಿ ಖಗೋಳಜ್ಞರಾದ ಎಡಿಸನ್ ಪೆಟಿಟ್ ಮತ್ತು ಸೆತ್ ನಿಕಲ್ಸನ್ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ದೂರದರ್ಶಕಕ್ಕೆ ಉಷ್ಣಯುಗ್ಮ (ಶಾಖವನ್ನು ವಿದ್ಯುತ್ತಾಗಿಸಿ ಅಳೆಯುವ ಸಾಧನ) ಜೋಡಿಸಿ ಚಂದ್ರನ ನೆಲದ ಉಷ್ಣತೆ ಅಳೆದರು. ಭೂಮಿಯ ನೆರಳು ಬಿದ್ದ ಕೆಲವೇ ತಾಸುಗಳಲ್ಲಿ ಅದು 150 ಡಿಗ್ರಿಗೂ ಹೆಚ್ಚು ಇಳಿಯಿತು. ಗಟ್ಟಿ ಕಲ್ಲು ಅಷ್ಟು ಹೊತ್ತಿನಲ್ಲಿ ಅಷ್ಟು ತಣಿಯುವುದು ಸಾಧ್ಯವಿಲ್ಲ. 1948ರಲ್ಲಿ ಡಚ್ ಖಗೋಳಜ್ಞ ವೆಸೆಲಿಂಕ್, ನಿರ್ವಾತದಲ್ಲಿರುವ ನುಣುಪು ಪುಡಿಗೆ ಮಾತ್ರ ಈ ವೇಗ ಹೊಂದುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಹದಿನೈದು ದಿನದ ರಾತ್ರಿಯೇ ಚಳಿಗೆ ಕಾರಣ ಎನ್ನುವವರಿಗೂ ಇದೇ ಉತ್ತರ: ಗ್ರಹಣದ ನೆರಳು ಕೆಲವು ತಾಸಿನದು, ಅಷ್ಟರಲ್ಲೇ ಇಳಿತದ ಬಹುಪಾಲು ಮುಗಿದಿರುತ್ತದೆ.

ದೊಡ್ಡ ಬಂಡೆಗಳು ಮಾತ್ರ ಈ ಆಟಕ್ಕೆ ಬಗ್ಗುವುದಿಲ್ಲ. ಮೀಟರ್ ಗಾತ್ರದ ಬಂಡೆ ನಡುರಾತ್ರಿಯಲ್ಲೂ ಸುತ್ತಲಿನ ಧೂಳಿಗಿಂತ ಹತ್ತಾರು ಡಿಗ್ರಿ ಬೆಚ್ಚಗಿರುತ್ತದೆ. ಟೈಕೊದಂಥ ಹೊಸ ಕುಳಿಗಳಲ್ಲಿ ಬಂಡೆಗಳು ಹೆಚ್ಚಿರುವುದರಿಂದ ಗ್ರಹಣದ ಹೊತ್ತಿನ ಅವಕೆಂಪು ಚಿತ್ರದಲ್ಲಿ ಅವು ಕೆಂಡದ ಚುಕ್ಕೆಯಂತೆ ಕಾಣುತ್ತವೆ. ಲ್ಯಾಂಡರ್ ಇಳಿಸಲು ಬಂಡೆಯಿಲ್ಲದ ಜಾಗ ಹುಡುಕುವವರು ರಾತ್ರಿಯ ಉಷ್ಣತಾ ನಕ್ಷೆಯನ್ನು ಬಿಡಿಸಿಕೊಂಡು ಕೂರುವುದು ಇದಕ್ಕೇ.

ಪ್ರಶ್ನೆ: ಚಂದ್ರಯಾನ-3ರ ಅಳತೆಯಲ್ಲಿ ಮೇಲ್ಮೈ 50 ಡಿಗ್ರಿಗೂ ಮೇಲೆ, ಬರೀ 8 ಸೆಂಟಿಮೀಟರ್ ಕೆಳಗೆ ಮೈನಸ್ 10 ಡಿಗ್ರಿ ಎಂದಿತ್ತು. ಒಂದು ಗೇಣೂ ಇಲ್ಲದ ಆಳಕ್ಕೆ 60 ಡಿಗ್ರಿ ಅಂತರ ನಂಬುವಂಥದ್ದೇ?

ಉತ್ತರ: ನಂಬಲೇಬೇಕು, ಹಾಗಿರದಿದ್ದರೇ ಅನುಮಾನ ಪಡಬೇಕಿತ್ತು. ವಿಕ್ರಮ್ ಲ್ಯಾಂಡರ್ 2023ರ ಆಗಸ್ಟ್ 23ರಂದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಳಿಯಿತು. ಅದರ ಚೇಸ್ಟ್ ಉಪಕರಣ ಎಂದರೆ ನೆಲಕ್ಕೆ ನಿಧಾನವಾಗಿ ಒತ್ತಿ ಇಳಿಸುವ ಒಂದು ಶಲಾಕೆ. 10 ಸೆಂಟಿಮೀಟರ್ ಆಳಕ್ಕೆ ಹೋಗಬಲ್ಲದು, ಮೈಯುದ್ದಕ್ಕೂ 10 ಸೆನ್ಸರ್‌ಗಳಿವೆ. ತಿಂಗಳ ಆವರ್ತದಲ್ಲಿ ಬಂದುಹೋಗುವ ಬಿಸಿಲಿನ ಅಲೆ ಇಂಥ ಧೂಳಿನೊಳಗೆ ಇಳಿಯುವುದು ಬೆರಳೆಣಿಕೆಯ ಸೆಂಟಿಮೀಟರ್ ಮಾತ್ರ. ಪ್ರತಿ 3ರಿಂದ 5 ಸೆಂಟಿಮೀಟರಿಗೆ ಅದರ ಏರಿಳಿತ ಮೂರನೇ ಒಂದಕ್ಕೆ ಕುಗ್ಗುತ್ತದೆ. ಅರ್ಧ ಮೀಟರ್ ಆಳಕ್ಕೆ ಹೋಗುವ ಹೊತ್ತಿಗೆ ಹಗಲು-ರಾತ್ರಿಯ ಭೇದವೇ ಅಳಿಸಿಹೋಗಿರುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ಆಮೇಲೆ ಪ್ರಕಟವಾದ ವಿಶ್ಲೇಷಣೆಯಲ್ಲಿದೆ. ಶಲಾಕೆ ಇಳಿದ ಜಾಗದಲ್ಲಿ ಮೇಲ್ಮೈಯ ಗರಿಷ್ಠ 82 ಡಿಗ್ರಿ. ಅಲ್ಲಿಂದ ಒಂದೇ ಮೀಟರ್ ದೂರದ ಸಮತಟ್ಟು ಜಾಗದಲ್ಲಿ 59 ಡಿಗ್ರಿ. ಕಾರಣ, ಶಲಾಕೆ ಚುಚ್ಚಿದ ನೆಲ ಸೂರ್ಯನ ಕಡೆಗೆ 6 ಡಿಗ್ರಿಯಷ್ಟು ಇಳಿಜಾರಾಗಿತ್ತು. ಆರೇ ಡಿಗ್ರಿ ಏನು ಮಹಾ ಎನಿಸಬಹುದು. ಆ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ 21 ಡಿಗ್ರಿಯಷ್ಟೇ ಮೇಲೇರುತ್ತಾನೆ. ನೆಲ 6 ಡಿಗ್ರಿ ಅವನತ್ತ ವಾಲಿದರೆ ಕಿರಣ ಬೀಳುವ ಕೋನ 27 ಆಗುತ್ತದೆ, ಅಷ್ಟಕ್ಕೇ ಬೀಳುವ ಬಿಸಿಲು ಕಾಲುಪಾಲಿಗಿಂತ ಹೆಚ್ಚುತ್ತದೆ. ನಾಲ್ಕನೇ ಘಾತದ ನಿಯಮಕ್ಕೆ ಹಾಕಿದರೆ ಇದು 20 ಡಿಗ್ರಿಯಷ್ಟು ಏರಿಕೆ. ಸಮಭಾಜಕದಲ್ಲಿ ಇದೇ ಇಳಿಜಾರು ಮಧ್ಯಾಹ್ನದ ಉಷ್ಣತೆಯಲ್ಲಿ ಗೊತ್ತೂ ಆಗುತ್ತಿರಲಿಲ್ಲ. ಧ್ರುವದತ್ತ ಹೋದಷ್ಟೂ ನೆಲದ ಚಿಕ್ಕ ಉಬ್ಬುತಗ್ಗೂ ದೊಡ್ಡ ಮಾತಾಗುತ್ತದೆ.

ಪ್ರಶ್ನೆ: ಹಾಗಾದರೆ ಇನ್ನೂ ಆಳಕ್ಕೆ ಅಗೆದರೆ?

ಉತ್ತರ: ಅಪೊಲೊ 15 ಮತ್ತು 17ರ ಯಾತ್ರಿಗಳು ಡ್ರಿಲ್ ಮಾಡಿ ತನಿಖಾ ಕೊಳವೆಗಳನ್ನು ಇಳಿಸಿದ್ದರು. ಅಪೊಲೊ 15ರಲ್ಲಿ ಡ್ರಿಲ್ ಕಚ್ಚಿಕೊಂಡು ಉದ್ದೇಶಿಸಿದ ಮೂರು ಮೀಟರಿನ ಅರ್ಧದಷ್ಟೇ ಇಳಿಯಿತು. ಅಪೊಲೊ 16ರಲ್ಲಿ ಜಾನ್ ಯಂಗ್ ಅವರ ಕಾಲಿಗೆ ತೊಡರಿ ಕೇಬಲ್ಲೇ ಕಿತ್ತುಬಂದು ಆ ಪ್ರಯೋಗ ಅಲ್ಲಿಗೇ ನಿಂತಿತು. ಉಳಿದೆರಡರಿಂದ ಸಿಕ್ಕ ಉತ್ತರ: ಒಂದು ಮೀಟರ್ ಕೆಳಗೆ ವರ್ಷವಿಡೀ ಮೈನಸ್ 20 ಡಿಗ್ರಿಯ ಹತ್ತಿರ, ಹಗಲಾಗಲಿ ರಾತ್ರಿಯಾಗಲಿ.

ಇದು ಮೇಲ್ಮೈಯ ಸರಾಸರಿಗಿಂತ ಸುಮಾರು 40 ಡಿಗ್ರಿ ಹೆಚ್ಚು. ಮೊದಲ ನೋಟಕ್ಕೆ ವಿಚಿತ್ರವೇ. ಕಾದ ಧೂಳಿನಲ್ಲಿ ಕಣದಿಂದ ಕಣಕ್ಕೆ ವಿಕಿರಣದ ಮೂಲಕವೂ ಶಾಖ ಜಿಗಿಯುತ್ತದೆ, ತಣ್ಣಗಿನ ಧೂಳಿನಲ್ಲಿ ಆ ಜಿಗಿತ ನಿಂತುಹೋಗುತ್ತದೆ. ಆದ್ದರಿಂದ ಹಗಲಲ್ಲಿ ಶಾಖ ಒಳಗೆ ಇಳಿಯುವುದು ಸುಲಭ, ರಾತ್ರಿ ಮೇಲೆ ಬರುವುದು ಕಷ್ಟ.

ಪ್ರಶ್ನೆ: ಚಂದ್ರನ ಕಾಣದ ಬದಿ ಸದಾ ಕತ್ತಲಲ್ಲಿರುವುದರಿಂದ ಅಲ್ಲಿ ಚಳಿ ಹೆಚ್ಚೇ?

ಉತ್ತರ: ಇಲ್ಲ. ನಮಗೆ ಕಾಣದು ಅಷ್ಟೆ, ಕತ್ತಲಲ್ಲಿಲ್ಲ. ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ 29.53 ದಿನ ಎಂಬ ಲೆಕ್ಕ ಎರಡೂ ಬದಿಗೆ ಒಂದೇ. ಅಮಾವಾಸ್ಯೆಯ ದಿನ ಆ ಬದಿಯ ನಡುಭಾಗದಲ್ಲಿ ಸುಡುಬಿಸಿಲು. 2019ರ ಜನವರಿಯಲ್ಲಿ ಅಲ್ಲಿ ಇಳಿದ ಚೀನಾದ ಚಾಂಗ್'ಅ-4 ನೌಕೆ ರಾತ್ರಿ ಮೈನಸ್ 190 ಡಿಗ್ರಿ ದಾಖಲಿಸಿತು. ಅದರ ಡಬ್ಬಿಯಲ್ಲಿ ಮೊಳೆತಿದ್ದ ಹತ್ತಿಯ ಸಸಿ ಆ ರಾತ್ರಿಯೇ ಸತ್ತಿತು.

ಪ್ರಶ್ನೆ: 120 ಡಿಗ್ರಿಯ ನೆಲದ ಮೇಲೆ ಗಗನಯಾತ್ರಿಗಳ ಕಾಲು ಸುಡಲಿಲ್ಲವೇ?

ಉತ್ತರ: ಅವರು 120 ಡಿಗ್ರಿಯ ನೆಲದ ಮೇಲೆ ನಡೆಯಲೇ ಇಲ್ಲ. ಆರೂ ಅಪೊಲೊ ಇಳಿತಗಳು ಚಂದ್ರನ ಬೆಳಗಿನ ಹೊತ್ತಿಗೆ ಹೊಂದಿಸಿದ್ದವು. ಅಪೊಲೊ 11 ಇಳಿದಾಗ ಸೂರ್ಯ ದಿಗಂತದಿಂದ ಸುಮಾರು 11 ಡಿಗ್ರಿ ಮೇಲಿದ್ದ. ಉದ್ದ ನೆರಳಿನಲ್ಲಿ ಕುಳಿ, ಬಂಡೆ ಚೆನ್ನಾಗಿ ಕಾಣಲಿ ಎಂಬುದು ಮುಖ್ಯ ಉದ್ದೇಶ, ಬಿಸಿ ಕಡಿಮೆ ಎಂಬುದು ಜೊತೆಗೆ ಬಂದ ಲಾಭ. ಅಲ್ಲಿ ಸೂರ್ಯ ತಾಸಿಗೆ ಅರ್ಧ ಡಿಗ್ರಿಯಷ್ಟೇ ಏರುತ್ತಾನೆ. ಅತಿ ಹೆಚ್ಚು ಹೊತ್ತು, 75 ತಾಸು ಉಳಿದ ಅಪೊಲೊ 17 ಕೂಡ ನಡುಹಗಲಿಗೆ ಮೊದಲೇ ಹೊರಟಿತು.

ಉಡುಪಿನ ನಿಜವಾದ ಕಷ್ಟ ಹೊರಗಿನ ಬಿಸಿಗಿಂತ ಒಳಗಿನದು: ದುಡಿಯುವ ಮೈಯ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಬೆನ್ನಚೀಲದಲ್ಲಿ ಸೂಕ್ಷ್ಮ ರಂಧ್ರಗಳ ಲೋಹದ ಫಲಕವಿತ್ತು. ಅದಕ್ಕೆ ನೀರು ಉಣಿಸಿದರೆ ಹೊರಗಿನ ನಿರ್ವಾತಕ್ಕೆ ಅದು ಹೆಪ್ಪುಗಟ್ಟಿ, ಆ ಮಂಜುಗಡ್ಡೆ ನೇರವಾಗಿ ಆವಿಯಾಗುತ್ತ ಶಾಖ ಒಯ್ಯುತ್ತಿತ್ತು. ಮೈಗೆ ಅಂಟಿದ ಒಳಉಡುಪಿನ ಸಣ್ಣ ಕೊಳವೆಗಳಲ್ಲಿ ಹರಿಯುವ ನೀರು ಈ ಫಲಕಕ್ಕೆ ಬಂದು ತಣಿದು ಮರಳುತ್ತಿತ್ತು.

ಪ್ರಶ್ನೆ: ಲ್ಯಾಂಡರ್‌ಗಳು ಒಂದು ರಾತ್ರಿಗೇ ಏಕೆ ಸಾಯುತ್ತವೆ? ದೊಡ್ಡ ಬ್ಯಾಟರಿ, ದಪ್ಪ ಹೊದಿಕೆ ಹಾಕಿದರೆ ಆಗದೇ?

ಉತ್ತರ: ಲೆಕ್ಕ ಮಾಡಿ ನೋಡೋಣ. ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಯನ್ನು ಬೆಚ್ಚಗಿಡಲು ಹೀಟರಿಗೆ ಬರೀ 10 ವ್ಯಾಟ್ ಸಾಕೆಂದುಕೊಳ್ಳಿ. ರಾತ್ರಿ ಸುಮಾರು 354 ತಾಸು. ಅಲ್ಲಿಗೆ 3,540 ವ್ಯಾಟ್-ಅವರ್. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ, 80 ಶೇಕಡಾ ಬಳಸಿದರೆ 4,400ರ ಬ್ಯಾಟರಿ ಬೇಕು. ಕವಚ, ತಂತಿ ಸೇರಿದ ಪ್ಯಾಕ್‌ನಲ್ಲಿ ಕಿಲೋಗೆ 150 ವ್ಯಾಟ್-ಅವರ್ ಎಂದು ಹಿಡಿದರೆ ತೂಕ 29 ಕಿಲೋ ದಾಟುತ್ತದೆ. ಪ್ರಜ್ಞಾನ್ ರೋವರಿನ ಒಟ್ಟು ತೂಕವೇ 26 ಕಿಲೋ! ಮೂಗಿಗಿಂತ ಮೂಗುತಿ ಭಾರ.

ಹೊದಿಕೆಯ ವಿಷಯ. ನೌಕೆಗೆ ಸುತ್ತುವ ಬೆಳ್ಳಿ-ಬಂಗಾರದ ಹಾಳೆ ಎಂದರೆ ಅಲ್ಯುಮಿನಿಯಂ ಲೇಪಿತ ತೆಳು ಪ್ಲಾಸ್ಟಿಕ್ ಪದರಗಳು, ಹತ್ತಿಪ್ಪತ್ತು, ನಡುನಡುವೆ ಬಲೆಬಟ್ಟೆ. ಪದರಗಳು ಒಂದಕ್ಕೊಂದು ತಾಗದಿದ್ದರೆ ಮಾತ್ರ ಅದಕ್ಕೆ ಬೆಲೆ. ಮೂಲೆಯಲ್ಲಿ ಬಿಗಿಯಾಗಿ ಮಡಚಿದರೆ, ಹೊಲಿಗೆ ಎಳೆದು ಕಟ್ಟಿದರೆ, ಅಲ್ಲೇ ಶಾಖ ಸೋರುತ್ತದೆ. ಹೊದಿಕೆಯನ್ನು ತೂರಿ ಹೋಗುವ ತಾಮ್ರದ ತಂತಿಗಳು, ಕಾಲುಗಳ ಬೋಲ್ಟುಗಳು ಇನ್ನೂ ದೊಡ್ಡ ಸೋರಿಕೆ. ಹೊದಿಕೆ ದಪ್ಪ ಮಾಡಿದರೆ ಈ ಸೋರಿಕೆ ಕಡಿಮೆಯಾಗದು. ಮೇಲಾಗಿ ರಾತ್ರಿಗೆ ಕಂಬಳಿಯಾದದ್ದು ಹಗಲಿಗೂ ಕಂಬಳಿಯೇ, ಒಳಗಿನ ಶಾಖ ಹೊರಹೋಗಲು ಬೇರೆ ರೇಡಿಯೇಟರ್ ಬೇಕು. ಆ ರೇಡಿಯೇಟರನ್ನು ರಾತ್ರಿ ಮುಚ್ಚಬೇಕು.

ಸೋವಿಯತ್ ಲುನೊಖೋಡ್ ರೋವರುಗಳು ಮಾಡಿದ್ದು ಇದನ್ನೇ. ಒಳಗೆ ಪೊಲೊನಿಯಂ-210ರ ಶಾಖ, ಮೇಲೆ ರೇಡಿಯೇಟರ್, ಅದಕ್ಕೆ ಕೀಲುಗೂಡಿಸಿದ ಮುಚ್ಚಳ, ಮುಚ್ಚಳದ ಒಳಮೈಗೆ ಸೌರಫಲಕ. ಹಗಲಲ್ಲಿ ತೆರೆದು ವಿದ್ಯುತ್, ರಾತ್ರಿ ಮುಚ್ಚಿ ಬೆಚ್ಚಗೆ. 1970ರ ನವೆಂಬರಿನಲ್ಲಿ ಇಳಿದ ಲುನೊಖೋಡ್-1 ಹತ್ತು ತಿಂಗಳು ಬದುಕಿತು. 1973ರ ಮೇ ತಿಂಗಳಲ್ಲಿ ಲುನೊಖೋಡ್-2 ಒಂದು ಕುಳಿಗೆ ಇಳಿದಾಗ ತೆರೆದ ಮುಚ್ಚಳ ಕುಳಿಯ ಗೋಡೆಗೆ ತಾಗಿ ಸೌರಫಲಕದ ಮೇಲೆ ಮಣ್ಣು ಬಿತ್ತು. ಮುಚ್ಚಳ ಮುಚ್ಚಿದಾಗ ಆ ಮಣ್ಣು ರೇಡಿಯೇಟರಿಗೆ ಸುರಿಯಿತು. ಸೂರ್ಯ ಏರುತ್ತಿದ್ದಂತೆ ಒಳಗಿನ ಶಾಖ ಹೊರಹೋಗದೆ ರೋವರ್ ಕಾದು ಕೆಟ್ಟಿತು. ಚಳಿಗಾಗಿ ಮಾಡಿದ ಏರ್ಪಾಡು ಬಿಸಿಯಿಂದ ಸತ್ತದ್ದು, ಅದೂ ಅದೇ ಧೂಳಿನ ಕೈಯಲ್ಲಿ.

ಈಗ ಬಳಸುವ ಪ್ಲುಟೋನಿಯಂ-238ರ ಸಣ್ಣ ಶಾಖಗುಂಡುಗಳು ತಲಾ 40 ಗ್ರಾಂ, ಒಂದೊಂದೂ ಒಂದು ವ್ಯಾಟ್ ಶಾಖ ಕೊಡುತ್ತವೆ. ಮೇಲಿನ ಲೆಕ್ಕದ 29 ಕಿಲೋ ಬ್ಯಾಟರಿಯ ಬದಲು ಇಂಥ ಹತ್ತು ಗುಂಡು, 400 ಗ್ರಾಂ. ಅವನ್ನು ಆರಿಸಲಾಗದು ಎಂಬುದೊಂದೇ ತಲೆನೋವು: ಹಗಲಲ್ಲೂ ಆ ಹತ್ತು ವ್ಯಾಟ್ ಹೊರಹಾಕಬೇಕು.

ಇವೇನೂ ಇಲ್ಲದಿದ್ದರೆ ಮೊದಲು ಕೆಡುವುದು ಬ್ಯಾಟರಿ. ಲಿಥಿಯಂ-ಅಯಾನ್ ಕೋಶದ ದ್ರಾವಣ ಗಟ್ಟಿಯಾಗುತ್ತದೆ. ಅದಕ್ಕಿಂತ ಅಪಾಯ ಬೆಳಗಾದ ಮೇಲೆ. ಸೌರಫಲಕಕ್ಕೆ ಬಿಸಿಲು ಬಿದ್ದ ಕೂಡಲೇ ಕರೆಂಟು ಹುಟ್ಟುತ್ತದೆ, ಬ್ಯಾಟರಿ ಇನ್ನೂ ಸೊನ್ನೆಗಿಂತ ಕೆಳಗೇ ಇರುತ್ತದೆ. ಆ ಸ್ಥಿತಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಲೇಪಗೊಂಡು ಕೋಶ ಶಾರ್ಟ್ ಆಗಬಹುದು. ಸರಿಯಾದ ಕ್ರಮ: ಮೊದಲ ಕರೆಂಟು ಹೀಟರಿಗೆ, ಕೋಶ ಬೆಚ್ಚಗಾದ ಮೇಲೆ ಚಾರ್ಜಿಗೆ. ಎರಡನೆಯದಾಗಿ ಬೆಸುಗೆಗಳು ಬಿರಿಯುತ್ತವೆ. ಒಂದು ಮೀಟರ್ ಅಲ್ಯುಮಿನಿಯಂ ಪಟ್ಟಿ 120ರಿಂದ ಮೈನಸ್ 178ಕ್ಕೆ ಇಳಿದರೆ ಸುಮಾರು 6 ಮಿಲಿಮೀಟರ್ ಕುಗ್ಗುತ್ತದೆ. ಸರ್ಕ್ಯೂಟ್ ಹಲಗೆ, ತಾಮ್ರ, ಸಿರಾಮಿಕ್ ಬಿಲ್ಲೆ ಪ್ರತಿಯೊಂದೂ ತನ್ನದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಜಗ್ಗಾಟವೆಲ್ಲ ನಡುವಿನ ಬೆಸುಗೆಯ ಮೇಲೆ.

ವಿಕ್ರಮ್ ಒಂದು ಹಗಲಿಗೆಂದೇ ರೂಪಿಸಿದ ನೌಕೆ. ಸೆಪ್ಟೆಂಬರ್ 4ರಂದು ಮಲಗಿಸುವಾಗ ರಿಸೀವರ್ ತೆರೆದಿಟ್ಟಿದ್ದರು. ಸೆಪ್ಟೆಂಬರ್ 22ರ ಬೆಳಗಿಗೆ ಕರೆದಾಗ ಓಗೊಡಲಿಲ್ಲ. ಜಪಾನಿನ ಸ್ಲಿಮ್ ಲ್ಯಾಂಡರ್ ಕೂಡ ರಾತ್ರಿಗೆ ತಯಾರಾದದ್ದಲ್ಲ, 2024ರಲ್ಲಿ ತಲೆಕೆಳಗಾಗಿ ಇಳಿದಿತ್ತು. ಹಾಗಿದ್ದೂ ಮೂರು ರಾತ್ರಿ ದಾಟಿ ಏಪ್ರಿಲ್ ಕೊನೆಯವರೆಗೆ ಮಾತಾಡಿತು. ಇದರಲ್ಲಿ ವಿನ್ಯಾಸಕ್ಕಿಂತ ಅದೃಷ್ಟದ ಪಾಲೇ ಹೆಚ್ಚೆಂದು ನಮ್ಮ ಅನಿಸಿಕೆ.

ಪ್ರಶ್ನೆ: ಚಂದ್ರನಲ್ಲಿ ಅತಿ ತಣ್ಣಗಿನ ಜಾಗ ಯಾವುದು? ಹಿತವಾದ ಜಾಗವೂ ಇದೆಯೇ?

ಉತ್ತರ: ಉತ್ತರ ಧ್ರುವದ ಬಳಿಯ ಹರ್ಮೈಟ್ ಕುಳಿಯಲ್ಲಿ ಡಿವೈನರ್ 2009ರಲ್ಲಿ 26 ಕೆಲ್ವಿನ್, ಅಂದರೆ ಮೈನಸ್ 247 ಡಿಗ್ರಿ ಅಳೆಯಿತು. ಚಂದ್ರನ ಅಕ್ಷದ ವಾಲಿಕೆ ಬರೀ ಒಂದೂವರೆ ಡಿಗ್ರಿ, ಧ್ರುವದ ಕುಳಿಗಳ ತಳಕ್ಕೆ ಬಿಸಿಲು ಎಂದೂ ಇಣುಕದು. ನೀರಿನ ಮಂಜು ಕೋಟ್ಯಂತರ ವರ್ಷ ಉಳಿಯಲು ಮೈನಸ್ 163 ಡಿಗ್ರಿಗಿಂತ ಕೆಳಗಿರಬೇಕು. ಸಮಭಾಜಕದ ರಾತ್ರಿಯೂ ಅಷ್ಟು ತಣ್ಣಗಿರುತ್ತದಲ್ಲ ಎನ್ನಬಹುದು. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಕನಿಷ್ಠವಲ್ಲ, ಗರಿಷ್ಠ. ಒಂದೇ ಮಧ್ಯಾಹ್ನ ಸಾಕು ಮಂಜು ಹಾರಿಹೋಗಲು.

ಹಿತವಾದ ಜಾಗವೂ ಉಂಟು. ಟ್ರಾಂಕ್ವಿಲಿಟಿ ಸಮುದ್ರ ಎನ್ನುವ ಬಯಲಿನಲ್ಲಿ ಸುಮಾರು 100 ಮೀಟರ್ ಆಳದ ಬಾವಿಯಂಥ ಗುಂಡಿಯಿದೆ. ಅದರ ನೆರಳಿನ ಭಾಗದಲ್ಲಿ 17 ಡಿಗ್ರಿಯ ಆಸುಪಾಸು ನಿಲ್ಲುತ್ತದೆ ಎಂದು ಡಿವೈನರ್ ದತ್ತಾಂಶ ಆಧರಿಸಿದ 2022ರ ವಿಶ್ಲೇಷಣೆ ತೋರಿಸಿದೆ.

ಪ್ರಶ್ನೆ: ಧೂಳಿನ ಈ ಗುಣವನ್ನು ಶಾಲೆಯಲ್ಲಿ ತೋರಿಸಲು ಪ್ರಯೋಗ ಹೇಳಿ.

ಉತ್ತರ: ಸಂಪೂರ್ಣ ಒಣಗಿಸಿ ಜರಡಿ ಹಿಡಿದ ನುಣುಪು ಮರಳು, 15 ಸೆಂಟಿಮೀಟರ್ ಆಳದ ರಟ್ಟಿನ ಪೆಟ್ಟಿಗೆ, ತಂತಿಯ ತುದಿಯ ಮೂರು ಡಿಜಿಟಲ್ ಥರ್ಮಾಮೀಟರ್, 100 ವ್ಯಾಟಿನ ಹಳೇ ಮಾದರಿಯ ಬಲ್ಬು ಸಾಕು (ಎಲ್‌ಇಡಿ ಬೇಡ, ಅದರಲ್ಲಿ ಕಾವು ಕಡಿಮೆ). ಮರಳಿನ ಮೇಲ್ಮೈಯಿಂದ ಅರ್ಧ, 3 ಮತ್ತು 8 ಸೆಂಟಿಮೀಟರ್ ಆಳಕ್ಕೆ ಸರಿಯಾಗಿ ಪೆಟ್ಟಿಗೆಯ ಪಕ್ಕದಲ್ಲಿ ತೂತು ಮಾಡಿ ತುದಿಗಳನ್ನು ಅಡ್ಡಡ್ಡ ತೂರಿಸಿ. ಮೇಲಿನಿಂದ ನೆಟ್ಟರೆ ತಂತಿಯೇ ಶಾಖವನ್ನು ಕೆಳಗೆ ಒಯ್ದು ಸುಳ್ಳು ಹೇಳುತ್ತದೆ. ಬಲ್ಬನ್ನು 20 ಸೆಂಟಿಮೀಟರ್ ಮೇಲೆ ಹಿಡಿದು 30 ನಿಮಿಷ ಉರಿಸಿ, ಆರಿಸಿ, ಇನ್ನೂ 30 ನಿಮಿಷ ಐದೈದು ನಿಮಿಷಕ್ಕೆ ಬರೆದುಕೊಳ್ಳಿ.

ಮೇಲಿನದು ಬೇಗ ಏರಿ ಬೇಗ ಇಳಿಯಬೇಕು. ನಡುವಿನದು ತಡವಾಗಿ ಏರಿ, ಬಲ್ಬು ಆರಿದ ಮೇಲೂ ಸ್ವಲ್ಪ ಹೊತ್ತು ಏರುತ್ತಲೇ ಇರಬೇಕು. ಕೆಳಗಿನದು ಕದಲಬಾರದು. ಮೇಲಿನ ತುದಿ ಮರಳಿನಿಂದ ಹೊರಗೆ ಇಣುಕಿದ್ದರೆ ಅದು ಬಲ್ಬಿನ ಬೆಳಕನ್ನು ನೇರ ನುಂಗಿ ತನ್ನದೇ ಉಷ್ಣತೆ ತೋರಿಸುತ್ತದೆ, ಚಂದ್ರನ ಕಂಬಕ್ಕೆ ನೇತುಹಾಕಿದ ಥರ್ಮಾಮೀಟರಿನಂತೆಯೇ. ಕೆಳಗಿನದು ಅರ್ಧ ತಾಸಿನಲ್ಲಿ ಒಂದೆರಡು ಡಿಗ್ರಿ ಏರಿತೋ, ಮರಳು ಇನ್ನೂ ಹಸಿಯಿದೆ, ಮತ್ತೆ ಬಿಸಿಲಿಗೆ ಹಾಕಿ.